ಇಲ್ಲ ಅನ್ನದ ಬಾಗಿಲು

ಹೊಳೆ ಬಳಸಿಕೊಂಡು ಹೋಗುವ ಕಡೆ ಒಂದು ಆಶ್ರಮ. ಆಶ್ರಮ ಅಂದರೆ ಮೂರು ಕೋಣೆ, ಒಂದು ಅಡುಗೆಮನೆ, ಒಂದು ಬೇವಿನ ಮರ.

ಅಲ್ಲಿನ ಗುರು ಕಾವಿ ಉಟ್ಟವನಲ್ಲ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಂದೂರಿಗೆ ಮಾತು ಜೋಡಿಸಿದವನು. ಆಮೇಲೆ ಕಂಪ್ಯೂಟರ್ ಬಂತು. ಅದನ್ನೂ ಕಲಿತ. ಸುತ್ತಲಿನ ಹಳ್ಳಿಯವರು ಅವನನ್ನು ಎಕ್ಸ್‌ಚೇಂಜ್ ಅಜ್ಜ ಅನ್ನುತ್ತಿದ್ದರು.

ಆಶ್ರಮದಲ್ಲಿ ಪೂಜೆ ಕಡಿಮೆ. ಕಾಯಿಲೆ ಬಿದ್ದವರಿಗೆ ಬೇಕಾಗುವ ಸಾಮಾನು ಇಟ್ಟಿದ್ದರು. ತಲೆ ಕಡೆ ಎತ್ತುವ ಮಂಚ, ಗಾಲಿ ಕುರ್ಚಿ, ಉಸಿರು ಸಾಲದವರಿಗೆ ಆಕ್ಸಿಜನ್ ಯಂತ್ರ. ಬೇಕಾದವರು ಒಯ್ಯಬೇಕು. ಮುಗಿದ ಮೇಲೆ ತಂದಿಡಬೇಕು.

ಮುಗಿದ ಮೇಲೆ ಅನ್ನುವುದಕ್ಕೆ ಎರಡು ಅರ್ಥ. ಯಾವ ಅರ್ಥ ಅಂತ ಯಾರೂ ಕೇಳುತ್ತಿರಲಿಲ್ಲ.

ಹಾಲೇಶ ಅನ್ನುವವನು ಒಂದು ದಿನ ಮಂಚ ವಾಪಸ್ಸು ತಂದ. ಅವನ ಹೆಂಡತಿ ಕೊಟ್ರವ್ವ ತೀರಿಕೊಂಡು ಹನ್ನೊಂದು ದಿನ ಆಗಿತ್ತು. ಮಂಚ ಇಳಿಸಿದ. ಅದರ ಪಕ್ಕದಲ್ಲೇ ಕೂತ.

"ಏನು ಬೇಕು?" ಅಂದ ಅಜ್ಜ.

"ಏನೂ ಬೇಡ."

"ಹಾಗಾದರೆ ಇರು. ಬೇಕು ಅನ್ನೋರೇ ಇಲ್ಲಿ ಜಾಸ್ತಿ."

ಹಾಲೇಶ ಉಳಿದ. ತಾಲ್ಲೂಕು ಕಚೇರಿ ಎದುರು ಅವನದೊಂದು ಕಂಪ್ಯೂಟರ್ ಅಂಗಡಿ ಇತ್ತು. ಜನರ ಅರ್ಜಿ ಟೈಪ್ ಮಾಡಿ ಕೊಡುತ್ತಿದ್ದ. ಅದರ ಬಾಗಿಲು ಮತ್ತೆ ತೆಗೆಯಲಿಲ್ಲ.

ಎರಡು ವರ್ಷ ಕಳೆಯಿತು.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಏಳು ಮೈಲಿ ನಡೆದು ಗಾಲಿ ಕುರ್ಚಿ ಕೇಳಲು ಬಂದಳು. ಕುರ್ಚಿ ಹೊರಗೆ ಹೋಗಿತ್ತು. ಅವಳು ನೀರು ಕುಡಿದು ಅದೇ ಏಳು ಮೈಲಿ ನಡೆದು ಹೋದಳು.

ಅಜ್ಜ ಹಾಲೇಶನನ್ನು ಕರೆದ.

"ಅವರು ಅಲ್ಲಿಂದಲೇ ಕೇಳಬೇಕು. ನಾವು ಇಲ್ಲಿಂದಲೇ ಹೇಳಬೇಕು. ಅಂಥದ್ದೊಂದು ವೆಬ್ ಸೇವೆ ಕಟ್ಟು."

"ನನಗೆ ಅರ್ಜಿ ಟೈಪ್ ಮಾಡೋದು ಗೊತ್ತು ಅಜ್ಜ. ಇದು ಗೊತ್ತಿಲ್ಲ."

"ಇದೂ ಅರ್ಜಿನೇ. ಅರ್ಜಿ ಬರುತ್ತೆ, ಉತ್ತರ ಹೋಗುತ್ತೆ. ಮೊದಲು ಅರ್ಜಿ ಬರೀತಿದ್ದೆ. ಈಗ ಉತ್ತರ ಬರಿ."

ಹಳ್ಳಿಯವರ ಫೋನಿಗೆ ಬೇಕಾದ್ದನ್ನು ಪೇಟೆಯ ಒಬ್ಬ ಟೀಚರಮ್ಮ ಮಾಡಿಕೊಟ್ಟಳು. ಆ ಫೋನು ಮೊದಲು ಆಶ್ರಮವನ್ನು ಕೇಳುತ್ತದೆ. ಆಶ್ರಮ ಇಲ್ಲ ಅಂದರೆ ತಾನಾಗಿಯೇ ಇಂಥದ್ದೇ ಸಾಮಾನು ಇಟ್ಟಿರುವ ಪೇಟೆಯ ಸಂಘವನ್ನು ಕೇಳುತ್ತದೆ. ಅಲ್ಲೂ ಇಲ್ಲ ಅಂದರೆ ಇನ್ನೂ ಮುಂದೆ. ಎಲ್ಲಿ ಹೌದು ಅಂದರೋ ಅಲ್ಲಿ ನಿಲ್ಲುತ್ತದೆ. ಪರದೆ ಹಸಿರಾಗುತ್ತದೆ.

ಆಶ್ರಮದ ಉತ್ತರ ಹಾಲೇಶನ ಕೈಲಿತ್ತು.

ಅಡುಗೆಮನೆಯ ಚೌಡವ್ವ ಇಣುಕಿ ನೋಡಿದಳು.

"ಏನಪ್ಪ ಅದು, ಹಗಲೆಲ್ಲ ಕೂತು ಕಟ್ಟೋದು?"

"ಇಂಥ ವೆಬ್ ಸೇವೆಗೆ ರೆಸ್ಟ್ ಸರ್ವೀಸು ಅಂತಾರೆ ಚೌಡವ್ವ."

"ರೆಸ್ಟ್ ತಗೊಳೋದಕ್ಕೂ ಸರ್ವೀಸು ಬಂತಾ? ನನಗೊಂದು ಕಟ್ಟಿಕೊಡು."

ಹಾಲೇಶ ಮೊದಲ ದಿನ ಬರೆದದ್ದನ್ನು ಅಜ್ಜನಿಗೆ ತೋರಿಸಿದ. ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು. ಪರದೆಗೆ ಮೂಗು ತಾಗಿಸಿಕೊಂಡು ಓದಿದ. ಒಂದೊಂದು ಕೆಲಸಕ್ಕೂ ಒಂದೊಂದು ವಿಳಾಸ ಇತ್ತು. ಮಂಚ-ಕೊಡು. ಮಂಚ-ತಗೋ. ಮಂಚ-ಯಾರ-ಹತ್ತಿರ-ಇದೆ.

"ನಿನ್ನ ಹೆಸರೇನು?" ಅಂದ ಅಜ್ಜ.

"ಹಾಲೇಶ."

"ಉಣ್ಣುವಾಗ?"

"ಆಗಲೂ ಹಾಲೇಶನೇ."

"ಹಾಲೇಶ-ಉಣ್ಣು ಅಲ್ಲವಾ?"

"ಅಲ್ಲ ಅಜ್ಜ."

"ಮಂಚಕ್ಕೂ ಅಷ್ಟು ಮರ್ಯಾದೆ ಕೊಡು. ಮಂಚ, ಅದರ ಸಂಖ್ಯೆ. ಅಷ್ಟೇ ಅದರ ವಿಳಾಸ. ಕೇಳೋದು, ಸೇರಿಸೋದು, ತಿದ್ದೋದು, ತೆಗೆಯೋದು. ಈ ನಾಲ್ಕು ಕೆಲಸ ಬೇರೆ. ಅವನ್ನ ಹೆಸರಿಗೆ ಅಂಟಿಸಬೇಡ."

ಹಾಲೇಶ ತಿದ್ದಿದ. ಮರುದಿನ ಬೆಳಿಗ್ಗೆ ಬಂದು ನಿಂತ.

"ಅದು ಆಯ್ತು ಅಜ್ಜ."

"ಯಾವುದು? ಯಾರು ನೀನು?"

"ನಿನ್ನೆ ಹೇಳಿದ್ದಿರಲ್ಲ, ಅದು."

"ನಿನ್ನೆ ಯಾರು ಏನು ಹೇಳಿದರು?"

ಅಜ್ಜನಿಗೆ ಅರಳು ಮರುಳು ಶುರುವಾಯಿತು ಅಂದುಕೊಂಡ ಹಾಲೇಶ. ಮಾರನೇ ದಿನ ಮತ್ತೆ ಬಂದ. ಆಗಲೂ ಅದೇ ಮಾತು. ಮೂರನೇ ದಿನ ಅವನಿಗೆ ರೇಗಿತು.

"ನಾನು ಹಾಲೇಶ. ಮಂಚ ಏಳನೇದರ ವಿಳಾಸ ತಿದ್ದಿದ್ದೀನಿ. ಸರಿ ಇದೆಯಾ ನೋಡಿ ಹೇಳಿ."

"ಸರಿ ಇದೆ," ಅಂದ ಅಜ್ಜ.

"ಎರಡು ದಿನ ಯಾಕೆ ಸತಾಯಿಸಿದ್ರಿ?"

"ಎಕ್ಸ್‌ಚೇಂಜಿನಲ್ಲಿ ದಿನಕ್ಕೆ ಸಾವಿರ ಜನ. ಹೋದವನ ನೆನಪು ಇಟ್ಟುಕೊಂಡು ಕೂತರೆ ಬಂದವನಿಗೆ ಕೈ ಆಡಲ್ಲ. ನಿನ್ನ ಸೇವೆನೂ ಯಾರ ನೆನಪೂ ಇಟ್ಟುಕೋಬಾರದು. ಕೇಳೋರು ಪ್ರತಿ ಸಲ ಪೂರ್ತಿ ಕೇಳಬೇಕು. ನೀನು ಪ್ರತಿ ಸಲ ಪೂರ್ತಿ ಹೇಳಬೇಕು."

ಹಾಲೇಶ ಅಂದ, "ಅದಕ್ಕೆ ಎಷ್ಟು ಸುಖ ಅಜ್ಜ. ಯಾರ ನೆನಪೂ ಇಲ್ಲ."

ಕೊನೆಗೆ ಉಳಿದದ್ದು ಉತ್ತರ.

"ಉತ್ತರದ ತಲೆ ಮೇಲೆ ಒಂದು ಅಂಕಿ ಹೋಗುತ್ತೆ," ಅಂದ ಅಜ್ಜ. "ಫೋನು ನಿನ್ನ ಮಾತು ಓದಲ್ಲ. ಅಂಕಿ ಓದುತ್ತೆ. ಇನ್ನೂರು ಅಂದರೆ ಆಯಿತು. ನಾನೂರ ನಾಲ್ಕು ಅಂದರೆ ಇಲ್ಲ. ಐನೂರು ಅಂದರೆ ತಪ್ಪು ನನ್ನದು, ಕೇಳಿದ ನಿನ್ನದಲ್ಲ."

ಹಾಲೇಶ ಮೂರನ್ನೂ ಚೀಟಿ ಮೇಲೆ ಬರೆದುಕೊಂಡ. ನಾನೂರ ನಾಲ್ಕರ ಹತ್ತಿರ ಅವನ ಕೈ ನಿಂತಿತು.

ಇಲ್ಲ ಅನ್ನುವ ಮಾತು ಅವನಿಗೆ ಆಗುತ್ತಿರಲಿಲ್ಲ. ಕೊಟ್ರವ್ವನಿಗೆ ಉಸಿರು ಕಟ್ಟಿದ ದಿನ ಅವಳನ್ನು ಆಟೋದಲ್ಲಿ ಹಾಕಿಕೊಂಡು ಅಲೆದಿದ್ದ. ಮೂರು ಆಸ್ಪತ್ರೆ ಬಾಗಿಲಲ್ಲಿ ಹಾಸಿಗೆ ಇಲ್ಲ ಅಂದರು. ಹೇಳಿದವರ ಮೂರೂ ಮುಖ ಅವನಿಗೆ ನೆನಪಿತ್ತು. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಎದ್ದು, ಮುಖ ತೊಳೆಯುವ ಮೊದಲು, ಆ ಮೂವರನ್ನು ಬೈಯುತ್ತಿದ್ದ.

ಅಡುಗೆಮನೆಯಿಂದ ಚೌಡವ್ವ ಕೂಗಿದಳು.

"ಅಕ್ಕಿ ಹೆಚ್ಚಿದೆ ಕಣಪ್ಪ. ನಾಳೆ ತರಿಸಬೇಕು."

ಡಬ್ಬ ಬರಿದಾಗಿದೆ ಅಂತ ಅರ್ಥ. ಆ ಕಡೆ ಹೆಂಗಸರು ಮನೆಯೊಳಗೆ ನಿಂತು ಇಲ್ಲ ಅನ್ನುವುದಿಲ್ಲ. ಅಕ್ಕಿ ಮುಗಿದರೆ ಹೆಚ್ಚಿದೆ ಅನ್ನುತ್ತಾರೆ. ದೀಪ ಆರಿಸುವುದಾದರೆ ಶಾಂತ ಮಾಡು ಅನ್ನುತ್ತಾರೆ. ಕೊಟ್ರವ್ವನೂ ಹಾಗೇ ಅನ್ನುತ್ತಿದ್ದಳು. ಇಲ್ಲ ಅಂತ ಕರೆದರೆ ಇಲ್ಲದ್ದೇ ಬಂದು ಕೂರುತ್ತೆ ಅನ್ನುತ್ತಿದ್ದಳು.

ಹಾಲೇಶ ನಾನೂರ ನಾಲ್ಕನ್ನು ಬರೆಯಲಿಲ್ಲ. ಸಾಮಾನು ಮುಗಿದಾಗಲೂ ಇನ್ನೂರು ಅಂತಲೇ ಹಾಕಿದ. ಅದರ ಕೆಳಗೆ ಮನೆಮಾತಿನಲ್ಲಿ ಬರೆದ. ಹೆಚ್ಚಿದೆ, ಸ್ವಲ್ಪ ತಾಳಿ.

ಓದಿದರೆ ಹಿತವಾಗಿತ್ತು. ಅವಳೇ ಹೇಳಿದ ಹಾಗಿತ್ತು.

"ಇರೋದಕ್ಕೆ ಉತ್ತರ ಇದೆಯಾ?" ಅಂತ ಕೇಳಿದ ಅಜ್ಜ.

"ಇದೆ."

"ಇಲ್ಲದ್ದಕ್ಕೆ?"

"ಅದಕ್ಕೂ ಇದೆ."

"ಸರಿ," ಅಂದ ಅಜ್ಜ.

ಸೇವೆ ಶುರುವಾಯಿತು. ಮಳೆಗಾಲವೆಲ್ಲ ಚೆನ್ನಾಗಿ ನಡೆಯಿತು. ಸಾಮಾನು ಬೇಕಾದಷ್ಟಿತ್ತು. ಕೇಳಿದವರಿಗೆ ಹೌದು ಅಂತ ಹೋಗುತ್ತಿತ್ತು. ಹೋದ ಹಾಗೇ ಸಾಮಾನು ಹೇರಿಕೊಂಡು, ಈಗ ಹೊಸದಾಗಿ ಗೊತ್ತುಮಾಡಿದ ಗಾಡಿಯೂ ಹೋಗುತ್ತಿತ್ತು. ಯಾರೂ ಸುಮ್ಮನೆ ನಡೆದು ಬರಲಿಲ್ಲ.

ಆಮೇಲೆ ಚಳಿ ಬಿತ್ತು. ಎದೆ ಬಿಗಿದವರು ಹೆಚ್ಚಾದರು. ಆಶ್ರಮದ ನಾಲ್ಕು ಆಕ್ಸಿಜನ್ ಯಂತ್ರವೂ ಹೊರಗೆ ಹೋದವು.

ಒಂದು ಮಧ್ಯಾಹ್ನ ಬಿದರಗೆರೆಯ ತಿಪ್ಪಣ್ಣ ಅನ್ನುವವನು ನಡೆದು ಬಂದ. ಐವತ್ತು ದಾಟಿದ ಆಳು. ಗಡ್ಡ ಬಿಟ್ಟಿದ್ದ. ಚಪ್ಪಲಿ ಗೇಟಿನ ಹೊರಗೇ ಬಿಟ್ಟು ಬಂದ.

"ಆಕ್ಸಿಜನ್ ಮಿಷಿನ್ ವಿಷಯ ನೋಡೋರು ಯಾರಪ್ಪ?"

"ನಾನೇ. ಹೇಳಿ ಯಜಮಾನರೇ," ಅಂದ ಹಾಲೇಶ.

"ನನ್ನ ಹೆಸರಿಗೆ ಒಂದು ತೆಗೆದಿಟ್ಟಿದ್ದೀರಲ್ಲ. ಅದು ಇನ್ನು ಬೇಡ ಅಂತ ಹೇಳಿ ಹೋಗೋಣ ಅಂತ ಬಂದೆ. ಬೇರೆಯವರಿಗೆ ಕೊಡಿ. ಪಾಪ, ಯಾರು ಕಾಯ್ತಿದ್ದಾರೋ."

ಹಾಲೇಶ ಎದ್ದು ನಿಂತ.

"ಯಾರಿಗೆ ಬೇಕಿತ್ತು?"

"ನಮ್ಮಾಕೆಗೆ. ಮೊನ್ನೆ ಸಂಜೆ ಹೋದಳು."

ಚೌಡವ್ವ ಒಂದು ಚೆಂಬು ನೀರು ತಂದಿಟ್ಟಳು. ತಿಪ್ಪಣ್ಣ ಕಟ್ಟೆ ಮೇಲೆ ಕೂತ. ಫೋನ್ ತೆಗೆದು ಹಾಲೇಶನ ಕೈಗೆ ಕೊಟ್ಟ. ಪರದೆ ಹಸಿರಾಗಿತ್ತು. ಹೆಚ್ಚಿದೆ, ಸ್ವಲ್ಪ ತಾಳಿ.

"ಇದು ಬಂತು ನೋಡಿ, ಮೊನ್ನೆ ಬೆಳಿಗ್ಗೆ ಏಳಕ್ಕೆ," ಅಂದ ತಿಪ್ಪಣ್ಣ. "ಜೀವ ಬಂದಂಗಾಯ್ತು. ಹೆಚ್ಚಾಗೇ ಇದಾವಂತೆ ಕಣೇ, ತಾಳು, ಬರ್ತಾ ಇದೆಯಂತೆ ಅಂತ ಅವಳಿಗೂ ಓದಿ ಹೇಳಿದೆ. ಹೂಂ ಅಂದಳು. ಗಾಡಿ ಎಲ್ಲೋ ಕೆಟ್ಟು ನಿಂತಿರಬೇಕು. ನಿಮ್ಮ ತಪ್ಪು ಅಂತಿಲ್ಲ."

ಹಾಲೇಶ ಫೋನನ್ನು ವಾಪಸ್ಸು ಕೊಟ್ಟ. ಕೈ ಒರೆಸಿಕೊಂಡ. ಬೇವಿನ ಮರದ ಕೆಳಗೆ ಅಜ್ಜ ಕೂತಿದ್ದ.

"ಹಾಲೇಶ," ಅಂದ ಅಜ್ಜ. "ಅವರು ಕೇಳ್ತಿದ್ದಾರೆ."

"ಏನೂ ಕೇಳಲಿಲ್ಲ ಅಜ್ಜ. ಬೇಡ ಅಂದರು ಅಷ್ಟೆ."

"ತೆಗೆದಿಟ್ಟಿದ್ದೀರಲ್ಲ ಅಂದರು. ಅದು ಪ್ರಶ್ನೆ. ಉತ್ತರ ಕೊಡು."

ಹೂಂ ಅಂದರೆ ಮುಗಿಯುತ್ತಿತ್ತು. ಆ ಮನುಷ್ಯ ನೀರು ಕುಡಿದು, ಒಳ್ಳೆಯ ಜನ ಅಂದುಕೊಂಡು ಎದ್ದು ಹೋಗುತ್ತಿದ್ದ. ಅವನಿಗೆ ಉಳಿದಿದ್ದು ಅಷ್ಟೇ ಸಮಾಧಾನ. ಅದನ್ನು ಕಿತ್ತುಕೊಳ್ಳಬೇಕಾ ಬೇಡವಾ ಅಂತ ಹಾಲೇಶ ನಿಂತ.

"ಇಲ್ಲ," ಅಂದ.

"ಏನಿಲ್ಲ?"

"ಯಂತ್ರ ಇರಲಿಲ್ಲ ಯಜಮಾನರೇ. ನಾಲ್ಕೂ ಹೊರಗಿದ್ದವು. ನಿಮಗೆ ಅಂತ ತೆಗೆದಿಟ್ಟಿರಲಿಲ್ಲ. ಗಾಡಿ ಹೊರಟೇ ಇರಲಿಲ್ಲ."

ತಿಪ್ಪಣ್ಣ ಫೋನ್ ನೋಡಿದ. ಹಾಲೇಶನ ಮುಖ ನೋಡಿದ.

"ಹೆಚ್ಚಿದೆ ಅಂತ ಹಾಕಿದ್ದೀರಿ."

"ಮುಗಿದಿದೆ ಅನ್ನೋದಕ್ಕೆ ಹಾಗೆ ಬರೆದೆ. ಮನೇಲಿ ಅಕ್ಕಿ ಮುಗಿದಾಗ ಅಂತಾರಲ್ಲ. ಹಾಗೆ."

"ಅಕ್ಕಿ," ಅಂದ ತಿಪ್ಪಣ್ಣ.

ಫೋನನ್ನು ಜೇಬಿಗಿಟ್ಟು ಅಂದ, "ನಮ್ಮಾಕೆನೂ ಅಂತಿದ್ದಳು. ಅವಳ ಕೈಗೇ ಕೊಟ್ಟಿದ್ದರೆ ಅರ್ಥ ಆಗಿರೋದೇನೋ. ನಾನು ಓದಿದೆ."

ಬೇವಿನ ಎಲೆ ಎರಡು ಚೆಂಬಿನೊಳಗೆ ಬಿದ್ದವು. ಯಾರೂ ತೆಗೆಯಲಿಲ್ಲ.

"ಬೇರೆ ಎಲ್ಲಾದರೂ ಇತ್ತಾ?" ಅಂತ ಕೇಳಿದ ತಿಪ್ಪಣ್ಣ.

ಹಾಲೇಶ ಒಳಗೆ ಹೋಗಿ ಕಂಪ್ಯೂಟರಿನಲ್ಲಿ ನೋಡಿ ಬಂದ. ನಿಧಾನ ಬಂದ.

"ಪೇಟೆಯ ಸಂಘದಲ್ಲಿ ಎರಡು ಇದ್ದವು. ಈಗಲೂ ಅಲ್ಲೇ ಇದಾವೆ. ನಾವು ಹೌದು ಅಂದಿದ್ದಕ್ಕೆ ನಿಮ್ಮ ಫೋನು ಅಲ್ಲಿ ಕೇಳಲೇ ಇಲ್ಲ."

ತಿಪ್ಪಣ್ಣ ತಲೆ ಆಡಿಸಿದ. ಯಾರೋ ದಾರಿ ಹೇಳಿದರೆ ಆಡಿಸುವ ಹಾಗೆ.

"ನನ್ನ ಭಾಮೈದ ಬಾಗಿಲಿಗೇ ಆಟೋ ತಂದು ನಿಲ್ಲಿಸಿದ್ದ. ಪೇಟೆಗೆ ಹೋಗಿ ಒಂದು ಮಾತು ಕೇಳಿ ಬರ್ತೀನಿ ಭಾವ ಅಂದ. ನಾನೇ ಬೇಡ ಅಂದೆ. ಸುಮ್ಮನೆ ಯಾಕೋ ಅಲೀತೀಯ, ಆಶ್ರಮದೋರು ಇಲ್ಲ ಅನ್ನೋ ಜನ ಅಲ್ಲ ಅಂದೆ."

"ತಪ್ಪು ನನ್ನದು," ಅಂದ ಹಾಲೇಶ.

"ನಿನ್ನದೇ. ಅದನ್ನ ತಗೊಂಡು ಹೋಗಿ ನಾನೆಲ್ಲಿಡಲಿ?"

ಅವನು ಎದ್ದ. ನೀರು ಮುಟ್ಟಿರಲಿಲ್ಲ. ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿದ. ತಿರುಗಿ ಅಂದ, "ಹೋಗ್ತೀನಿ."

ಹೋಗಿ ಬರ್ತೀನಿ ಅನ್ನಲಿಲ್ಲ.

ಅವನು ಹೊಳೆ ದಂಡೆಯ ತಿರುವು ದಾಟುವ ತನಕ ಹಾಲೇಶ ನೋಡಿದ. ಆಮೇಲೆ ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತ. ಅಜ್ಜ ಗೋಡೆ ಹಿಡಿದುಕೊಂಡು ಬಂದು ಹಿಂದೆ ನಿಂತ.

"ಏನು ಮಾಡ್ತಿದ್ದೀಯ?"

"ಎಲ್ಲಾ ಅಳಿಸ್ತೀನಿ. ಇದು ಕೊಲೆ ಮಾಡಿತು."

"ಅಳಿಸು. ಆಮೇಲೆ ಫೋನು ಕೇಳಿದರೆ?"

"ಉತ್ತರ ಇರಲ್ಲ."

"ಉತ್ತರ ಇಲ್ಲದಿದ್ದರೆ ಅದು ಏನು ಮಾಡುತ್ತೆ?"

ಹಾಲೇಶ ಯೋಚಿಸಿದ. "ಕಾಯುತ್ತೆ."

"ಎಷ್ಟು ಹೊತ್ತು?"

"ಗೊತ್ತಿಲ್ಲ ಅಜ್ಜ."

"ಕಾಯೋದು ಸಾಕಾಗಲಿಲ್ಲವಾ?"

ಹಾಲೇಶನ ಬೆರಳು ಕೀಲಿಯ ಮೇಲಿಂದ ಎದ್ದಿತು. ಅವನು ಮುಖ ಮುಚ್ಚಿಕೊಂಡ.

"ಇಲ್ಲ ಅನ್ನೋಕೆ ಆಗಲಿಲ್ಲ. ಮೂರು ಬಾಗಿಲಲ್ಲಿ ಅನ್ನಿಸಿಕೊಂಡವನು ನಾನು. ಇನ್ನೊಬ್ಬರಿಗೆ ನನ್ನ ಕೈಯಿಂದ ಆ ಮಾತು ಹೋಗಬಾರದು ಅಂದುಕೊಂಡೆ."

ಅಜ್ಜ ನೆಲದ ಮೇಲೆ ಕೂತ.

"ಮೊದಲನೇ ಬಾಗಿಲಲ್ಲಿ ಏನಂದರು?"

"ಇಲ್ಲ ಅಂದರು."

"ನೀನೇನು ಮಾಡಿದೆ?"

"ಬೈದೆ. ಆಟೋ ತಿರುಗಿಸಿದೆ."

"ಎರಡನೇದರಲ್ಲಿ?"

"ಅಲ್ಲೂ ಇಲ್ಲ ಅಂದರು. ಬೈದೆ. ಹೊರಟೆ."

"ಮೂರನೇದರಲ್ಲಿ?"

"ಅವನು ಬಾಗಿಲೇ ಪೂರ್ತಿ ತೆಗೀಲಿಲ್ಲ. ಸಂದಿಯಿಂದಲೇ ಇಲ್ಲ ಅಂದ. ಅವನ ಹೆಂಡತಿಗೂ ಹಿಂಗೇ ಆಗಲಿ ಅಂತ ಶಾಪ ಹಾಕಿದೆ."

"ಆಗ ಕೊಟ್ರವ್ವ?"

"ಇದ್ದಳು. ನನ್ನ ಕೈ ಹಿಡಿದುಕೊಂಡಿದ್ದಳು. ಬೈಬೇಡಿ ಅಂದಳು."

"ಆಮೇಲೆ?"

"ನಾಲ್ಕನೇದಕ್ಕೆ ಹೋದ್ವಿ."

"ಅಲ್ಲಿ ಏನಂದರು?"

ಎರಡು ವರ್ಷದಲ್ಲಿ ನಾಲ್ಕನೇ ಬಾಗಿಲಿನ ಮಾತು ಹಾಲೇಶನ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

"ಅಲ್ಲಿ ಒಳ್ಳೆ ಜನ," ಅಂದ ಕೊನೆಗೆ. "ಕುರ್ಚಿ ಕೊಟ್ಟರು. ಕೂತಿರಿ, ನೋಡೋಣ ಅಂದರು. ನಾನು ಕೈ ಮುಗಿದೆ."

"ಎಷ್ಟು ಹೊತ್ತು ಕೂತೆ?"

ಹೊರಗೆ ಚೌಡವ್ವ ಚೆಂಬಿನ ನೀರನ್ನು ಮರದ ಬುಡಕ್ಕೆ ಚೆಲ್ಲಿದಳು.

"ಎದುರು ರಸ್ತೇಲೇ ಇನ್ನೊಂದು ಆಸ್ಪತ್ರೆ ಇತ್ತು ಅಜ್ಜ," ಅಂದ ಹಾಲೇಶ. "ಅದರ ಬೋರ್ಡು ಕಾಣ್ತಿತ್ತು. ಕುರ್ಚಿ ಮೇಲೆ ಕೂತುಕೊಂಡು ನಾನು ಆ ಬೋರ್ಡನ್ನೇ ಓದ್ತಿದ್ದೆ. ಅವಳು ಹೋಗೋ ತನಕ ಓದ್ತಿದ್ದೆ."

ಅವನು ಅತ್ತ. ಅಜ್ಜ ಬೆನ್ನು ಸವರಲಿಲ್ಲ. ಎದ್ದು ಹೋಗಲೂ ಇಲ್ಲ.

ಅಳು ನಿಂತ ಮೇಲೆ ಅಜ್ಜ ಹೇಳಿದ, "ಇಲ್ಲದ್ದಕ್ಕೆ ಉತ್ತರ ಇದೆಯಾ ಅಂತ ಕೇಳಿದೆ. ಇದೆ ಅಂದೆ. ಏನು ಉತ್ತರ ಅಂತ ನಾನು ಓದಲಿಲ್ಲ. ಕಣ್ಣು ನೋಯುತ್ತೆ ಅಂತ ಬಿಟ್ಟೆ. ತಿಪ್ಪಣ್ಣನ ಹೆಂಡತಿ ನನ್ನ ತಲೆ ಮೇಲೂ ಇದಾಳೆ."

"ಈಗ ಏನು ಮಾಡಲಿ ಅಜ್ಜ?"

"ಅವರ ಮುಂದೆ ನಿಂತು ತಪ್ಪು ನನ್ನದು ಅಂದೆಯಲ್ಲ. ಅದು ಐನೂರು. ಅದನ್ನ ಹೇಳಿದವನಿಗೆ ನಾನೂರ ನಾಲ್ಕು ಕಷ್ಟ ಅಲ್ಲ. ಬರಿ."

ಹಾಲೇಶ ಬರೆದ. ಇನ್ನೂರನ್ನು ಅಳಿಸಿ ನಾನೂರ ನಾಲ್ಕು ಹಾಕಿದ. ಹೆಚ್ಚಿದೆ ಅನ್ನುವುದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ. ಆ ಜಾಗದಲ್ಲಿ ಇಲ್ಲ ಅಂತ ಬರೆದ. ನೋಡಿದ. ಅದರ ಮುಂದೆ ಇನ್ನೊಂದಿಷ್ಟು ಬರೆದ.

ಅಜ್ಜ ಪರದೆಗೆ ಮೂಗು ತಾಗಿಸಿದ. ಈ ಸಲ ಪೂರ್ತಿ ಓದಿದ.

"ಇದೇನು, ದಯವಿಟ್ಟು ಕ್ಷಮಿಸಿ, ನಮಗೂ ತುಂಬ ಬೇಸರವಿದೆ?"

"ಬರೀ ಇಲ್ಲ ಅಂದರೆ ಒರಟಾಯ್ತು ಅನ್ನಿಸಿತು."

"ಅದು ಯಾರಿಗೋಸ್ಕರ ಬರೆದೆ? ಅವರಿಗಾ, ನಿನಗಾ?"

ಹಾಲೇಶ ಅದನ್ನೂ ಅಳಿಸಿದ.

ಮರುದಿನ ಬೆಳಿಗ್ಗೆ ಅವನು ಎದ್ದ. ಮುಖ ತೊಳೆಯುವ ಮೊದಲು ಬೈಯಲು ಬಾಯಿ ತೆರೆದ. ಯಾರನ್ನು ಅಂತ ತಿಳಿಯಲಿಲ್ಲ. ಹಾಗೇ ಮುಖ ತೊಳೆದ.

ಬಿಸಿಲು ಕಟ್ಟೆಗೆ ಬಂದ ಹೊತ್ತಿಗೆ ಒಂದು ಪ್ರಶ್ನೆ ಬಂತು. ಪರದೆಯ ಮೇಲೆ ಒಂದೇ ಗೆರೆ. ಯಾವುದೋ ಊರು. ಆಕ್ಸಿಜನ್ ಯಂತ್ರ ಇದೆಯಾ?

ನಾಲ್ಕೂ ಇನ್ನೂ ಹೊರಗೇ ಇದ್ದವು.

ಹಾಲೇಶ ಕೈ ಮುಂದೆ ಚಾಚಿದ, ತಡೆಯುವವನ ಹಾಗೆ. ಅಷ್ಟರಲ್ಲಿ ಉತ್ತರ ಹೋಗಿತ್ತು. ಕಣ್ಣು ಮಿಟುಕಿಸುವಷ್ಟೂ ಹೊತ್ತು ಆಗಿರಲಿಲ್ಲ. ಇಲ್ಲ.

ಕೇಳಿದವರು ಯಾರು, ಯಾರ ಉಸಿರು ಹೋಗುತ್ತಿತ್ತು, ಅಲ್ಲಿ ಯಾರು ಯಾರ ಕೈ ಹಿಡಿದುಕೊಂಡಿದ್ದರು, ಗೆರೆಯಲ್ಲಿ ಅದೇನೂ ಇರಲಿಲ್ಲ. ಮತ್ತೆ ಆ ಊರಿನಿಂದ ಪ್ರಶ್ನೆ ಬರಲಿಲ್ಲ. ಹೊಳೆ ಕಡೆಯಿಂದ ಗಾಳಿ ಬೀಸಿತು.

"ಅಜ್ಜ," ಅಂದ ಹಾಲೇಶ. ಅವನ ಕೈ ಇನ್ನೂ ಚಾಚಿಯೇ ಇತ್ತು. "ಅವರು ಈಗ ನಮ್ಮನ್ನ ಬೈತಿರ್ತಾರೆ."

"ಬೈತಾರೆ," ಅಂದ ಅಜ್ಜ. "ಬೈಕೊಂಡೇ ಮುಂದಕ್ಕೆ ಹೋಗ್ತಾರೆ."